ವಸಡಿನ ಜೇಬಿಗೊಂದು ಅಳತೆಗೋಲು

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ಅಕ್ಷರಶಃ ಅನುಭವಿಸುವವರು ನಮ್ಮ ಹಳ್ಳಿಗಳಲ್ಲಿ ಕಡಿಮೆಯೇನಿಲ್ಲ. ಚಾಮರಾಜನಗರದ ಸಂತೆಯಲ್ಲೋ ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲೋ ಐವತ್ತು ದಾಟಿದವರನ್ನು ಮಾತಿಗೆಳೆದು ನೋಡಿ. ಮುಂದಿನ ಎರಡು ಹಲ್ಲು ಹೋಗಿರುತ್ತವೆ, ಪಕ್ಕದವು ಅಲ್ಲಾಡುತ್ತಿರುತ್ತವೆ. ಯಾಕೆ ಎಂದರೆ, ‘ವಯಸ್ಸಾಯ್ತಲ್ಲ’ ಎಂಬ ಸಿದ್ಧ ಉತ್ತರ. ವಯಸ್ಸಿನ ಮೇಲೆ ಹೊರಿಸುವ ಈ ಅಪವಾದ ಬಹುಮಟ್ಟಿಗೆ ಸುಳ್ಳು. ನಿಜವಾದ ಕಳ್ಳ ವಸಡಿನೊಳಗೆ ಕುಳಿತಿರುತ್ತಾನೆ.

ಹುಳುಕು ಹಲ್ಲು ನೋಯುತ್ತದೆ, ರಾತ್ರಿ ನಿದ್ದೆ ಕೆಡಿಸುತ್ತದೆ, ವೈದ್ಯರ ಬಳಿಗೆ ಓಡಿಸುತ್ತದೆ. ವಸಡಿನ ರೋಗಕ್ಕೆ ಆ ಗುಣವಿಲ್ಲ. ಅದು ಸದ್ದಿಲ್ಲದೆ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಅದನ್ನು ಹೊತ್ತಿಗೆ ಮುಂಚೆ ಹಿಡಿಯುವ ಉಪಾಯ ಅಳತೆ. ಆ ಅಳತೆಯನ್ನು ಬೇಗ ತೆಗೆಯುವುದು ಹೇಗೆಂಬುದು ದಂತ ವೈದ್ಯ ವಿದ್ಯಾರ್ಥಿಗಳ ಮುಂದಿರುವ ದೊಡ್ಡ ಪಾಠ.

ಏನಿದು ಜೇಬು?

ಹಲ್ಲಿಗೂ ವಸಡಿಗೂ ನಡುವೆ ಸಣ್ಣದೊಂದು ಸಂದು ಎಲ್ಲರಿಗೂ ಇರುತ್ತದೆ. ಆರೋಗ್ಯವಂತರಲ್ಲಿ ಇದರ ಆಳ 1ರಿಂದ 3 ಮಿಲಿಮೀಟರ್. ಇಲ್ಲಿ ಪಾಚಿ ಕಟ್ಟಿ, ಅದು ತೆಗೆಯದೆ ಉಳಿದು, ಕಲ್ಲಿನಂತೆ ಗಟ್ಟಿಯಾದರೆ ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಮುಂದೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದು ಆಳವಾಗುತ್ತದೆ. ದಂತವೈದ್ಯರು ಇದನ್ನೇ ‘ಪಾಕೆಟ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ವಸಡಿನ ಜೇಬು. ಜೇಬು ಆಳವಾದಂತೆ ಹಲ್ಲನ್ನು ಹಿಡಿದಿರುವ ಎಲುಬು ಕರಗುತ್ತ ಹೋಗುತ್ತದೆ. ಬುಡದ ಮಣ್ಣು ಕೊಚ್ಚಿಹೋದ ಮರದ ಗತಿಯೇ ಹಲ್ಲಿನದೂ.

ಈ ಜೇಬಿನ ಆಳ ನೋಡಲು ಬಳಸುವುದು ‘ಪ್ರೋಬ್’ ಎಂಬ ತೆಳುವಾದ ಉಕ್ಕಿನ ಕಡ್ಡಿ. ಅದರ ಮೇಲೆ ಮಿಲಿಮೀಟರಿನ ಗೆರೆಗಳಿರುತ್ತವೆ. 1936ರಲ್ಲಿ ವಿಲಿಯಮ್ಸ್ ಎಂಬ ವೈದ್ಯರು ರೂಪಿಸಿದ ಕಡ್ಡಿ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ 1, 2, 3, 5, 7, 8, 9, 10ರ ಗುರುತುಗಳಿವೆ. 4 ಮತ್ತು 6ನ್ನು ಬೇಕೆಂದೇ ಬಿಟ್ಟಿದ್ದಾರೆ. ಗೆರೆಗಳು ಒತ್ತೊತ್ತಾಗಿ ಕಣ್ಣಿಗೆ ಗೊಂದಲವಾಗಬಾರದಲ್ಲ!

168 ಸಲ ಅಳೆಯಬೇಕು

ಇಷ್ಟೇನೆ ಎನ್ನಬೇಡಿ. ಪ್ರತಿ ಹಲ್ಲಿಗೂ ಹೊರಗಡೆ ಮೂರು, ಒಳಗಡೆ ಮೂರು, ಒಟ್ಟು ಆರು ಕಡೆ ಅಳೆಯಬೇಕು. ಬುದ್ಧಿಹಲ್ಲು ಬಿಟ್ಟು 28 ಹಲ್ಲಿದ್ದರೆ 168 ಅಳತೆಗಳು. ಒಂದೊಂದಕ್ಕೆ 15 ಸೆಕೆಂಡು ಹಿಡಿದರೂ 42 ನಿಮಿಷ ಬೇಕು. ಅದನ್ನೇ 5 ಸೆಕೆಂಡಿಗೆ ಇಳಿಸಿದರೆ 14 ನಿಮಿಷದಲ್ಲಿ ಮುಗಿಯುತ್ತದೆ.

ಈ 28 ನಿಮಿಷದ ವ್ಯತ್ಯಾಸ ಕಾಲೇಜಿನ ಆಸ್ಪತ್ರೆಯಲ್ಲಿ ದೊಡ್ಡದಾಗಿ ಕಾಣದಿರಬಹುದು. ಹಳ್ಳಿಯ ಶಾಲೆಯ ಜಗುಲಿಯಲ್ಲಿ ನಡೆಯುವ ದಂತ ಶಿಬಿರದಲ್ಲಿ ಕಾಣುತ್ತದೆ. ಅಲ್ಲಿ ಸಾಲಿನಲ್ಲಿ ನಿಂತವರು ಅರಿಸಿನದ ಹೊಲದ ಕಳೆ ಕೆಲಸ ಬಿಟ್ಟು, ಅರ್ಧ ದಿನದ ಕೂಲಿ ಕಳೆದುಕೊಂಡು ಬಂದಿರುತ್ತಾರೆ. ‘ಬಿರ್ರನೆ ನೋಡವ್ವ, ಬಸ್ಸು ಹೊಂಟೋಯ್ತದೆ’ ಎನ್ನುವ ಅಜ್ಜಿಯನ್ನು ಮುಕ್ಕಾಲು ಗಂಟೆ ಬಾಯಿ ತೆರೆಸಿ ಕೂರಿಸುವುದು ಸಾಧ್ಯವೆ? ಚಾಮರಾಜನಗರ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು, 2016ರಲ್ಲಿ ವೈದ್ಯಕೀಯ ಕಾಲೇಜೂ ಬಂತು. ಆದರೂ ದಂತ ಕಾಲೇಜು ಎಂದರೆ ಈ ಭಾಗದವರಿಗೆ ಸುಮಾರು 60 ಕಿಲೋಮೀಟರ್ ದೂರದ ಮೈಸೂರೇ. ನೋವಿಲ್ಲದ ರೋಗಕ್ಕೆ ಅಷ್ಟು ದೂರ ಯಾರು ಹೋಗುತ್ತಾರೆ? ಶಿಬಿರದಲ್ಲಿ ವಿದ್ಯಾರ್ಥಿಯ ಕೈಗೆ ಸಿಕ್ಕ ಆ ಕೆಲವು ನಿಮಿಷಗಳೇ ಎಷ್ಟೋ ಬಾಯಿಗಳಿಗೆ ಸಿಗುವ ಒಂದೇ ಅವಕಾಶ.

ಕೈಗಿಂತ ಕ್ರಮ ಮುಖ್ಯ

ಹಾಗಾದರೆ ವೇಗ ಬರುವುದು ಹೇಗೆ? ಕೈ ಬೀಸಿ ಆಡಿಸುವುದರಿಂದ ಖಂಡಿತ ಅಲ್ಲ. ಹೊಸಬರು ಸಮಯ ಕಳೆಯುವುದು ಅಳೆಯುವುದರಲ್ಲಿ ಅಲ್ಲವೇ ಅಲ್ಲ. ‘ಈಗ ಯಾವ ಹಲ್ಲು? ಇದನ್ನು ಅಳೆದಾಯಿತೆ?’ ಎಂದು ಯೋಚಿಸುವುದರಲ್ಲಿ. ಆದ್ದರಿಂದ ಮೊದಲ ಪಾಠ ಕ್ರಮದ್ದು. ಮೇಲಿನ ಬಲಗಡೆಯ ಕೊನೆಯ ಹಲ್ಲಿನಿಂದ ಶುರು ಮಾಡಿ ಹೊರಭಾಗದಲ್ಲೇ ಎಡಗಡೆಯ ತುದಿಯವರೆಗೆ ಹೋಗಿ, ಒಳಭಾಗದಲ್ಲಿ ಹಿಂದಿರುಗಬೇಕು. ಆಮೇಲೆ ಕೆಳದವಡೆಯಲ್ಲೂ ಹಾಗೆಯೇ. ಸಾಲು ತಪ್ಪದೆ ಉಳುವ ರೈತ ಎಲ್ಲಿ ಬಿಟ್ಟೆನೆಂದು ಹುಡುಕಬೇಕಾಗಿಲ್ಲ.

ಎರಡನೆಯದು, ಕಡ್ಡಿಯನ್ನು ಪ್ರತಿ ಸಲವೂ ಹೊರಗೆ ತೆಗೆದು ಮತ್ತೆ ಇಳಿಸುವ ಅಭ್ಯಾಸ ಬಿಡುವುದು. ತುದಿಯನ್ನು ಜೇಬಿನೊಳಗೇ ಇಟ್ಟು, ಹಲ್ಲಿಗೆ ಸಮಾನಾಂತರವಾಗಿ, ಒಂದೊಂದು ಮಿಲಿಮೀಟರಿನ ಪುಟ್ಟ ಹೆಜ್ಜೆ ಹಾಕಿಸುತ್ತ ನಡೆಸಬೇಕು. ಉಂಗುರದ ಬೆರಳು ಪಕ್ಕದ ಹಲ್ಲಿನ ಮೇಲೆ ಊರಿಕೊಂಡಿದ್ದರೆ ಕೈ ನಡುಗುವುದಿಲ್ಲ.

ಮೂರನೆಯದು ಜೋಡಿ ಕೆಲಸ. ಒಬ್ಬರು ಅಳೆದು ಕೂಗಬೇಕು, ಇನ್ನೊಬ್ಬರು ಬರೆಯಬೇಕು. ‘ಮೂರು-ಎರಡು-ಮೂರು’ ಎಂದು ಮೂರು ಅಂಕಿಗಳನ್ನು ಒಂದೇ ಉಸಿರಿಗೆ ಹೇಳುವುದು ರೂಢಿ. ಕಣದಲ್ಲಿ ಒಬ್ಬ ‘ಲಾಭ, ಎರಡು, ಮೂರು’ ಎಂದು ಕೊಳಗ ಎಣಿಸುತ್ತ ರಾಗಿ ಅಳೆದರೆ ಇನ್ನೊಬ್ಬ ಲೆಕ್ಕ ಇಡುತ್ತಿದ್ದನಲ್ಲ, ಅದೇ ವಿದ್ಯೆ. ಒಬ್ಬರೇ ಅಳೆದು, ಕಡ್ಡಿ ಕೆಳಗಿಟ್ಟು, ಪೆನ್ನು ಹಿಡಿದು ಬರೆಯುತ್ತ ಕೂತರೆ ಸಮಯ ಅದರಲ್ಲೇ ಸೋರಿಹೋಗುತ್ತದೆ.

ಎಲ್ಲಿ ಅವಸರ ಕೂಡದು?

ಅವಸರವೇ ಅಪಘಾತಕ್ಕೆ ಕಾರಣ ಎಂಬ ರಸ್ತೆ ಬದಿಯ ಫಲಕ ಬಾಯಿಗೂ ಅನ್ವಯಿಸುತ್ತದೆ. ಕಡ್ಡಿಯನ್ನು ಒತ್ತುವ ಬಲ 20ರಿಂದ 25 ಗ್ರಾಂ ತೂಕದಷ್ಟೇ ಇರಬೇಕು. ಅದಕ್ಕಿಂತ ಹೆಚ್ಚು ಒತ್ತಿದರೆ ಊದಿದ ವಸಡಿನೊಳಕ್ಕೆ ತುದಿ ನುಗ್ಗಿ 4 ಇದ್ದದ್ದು 6 ಎಂದು ತೋರುತ್ತದೆ. ರೋಗಿಗೆ ನೋವು ಬೇರೆ. ಬಲ ಸಾಲದೆ ಹೋದರೆ, ಅಥವಾ ಕಡ್ಡಿ ಗಟ್ಟಿ ಪಾಚಿಗೆ ತಾಗಿ ನಿಂತರೆ, 6 ಇದ್ದದ್ದು 3 ಎನಿಸಿ ರೋಗ ತಪ್ಪಿಸಿಕೊಳ್ಳುತ್ತದೆ. ಎರಡು ದವಡೆ ಹಲ್ಲುಗಳ ನಡುವೆ ಕಡ್ಡಿಯನ್ನು ಸ್ವಲ್ಪ ಓರೆ ಮಾಡಬೇಕು. ರೋಗ ಆಳವಾಗಿ ಬೇರೂರುವ ಜಾಗವೇ ಅದು. ಅವಸರದವರು ಎಡವುವುದೂ ಅಲ್ಲೇ.

ಅದಕ್ಕೇ ಮೊದಲು ಕೃತಕ ದವಡೆಯ ಮೇಲೆ, ಆಮೇಲೆ ಸಹಪಾಠಿಗಳ ಬಾಯಲ್ಲಿ ಪಳಗುವುದು ಒಳ್ಳೆಯದು. ಅದೇ ಹಲ್ಲನ್ನು ಎರಡನೇ ಸಲ ಅಳೆದಾಗ ಉತ್ತರ ಒಂದು ಮಿಲಿಮೀಟರಿನೊಳಗೆ ಹೊಂದಿಕೆಯಾದರೆ ಕೈ ಹದಕ್ಕೆ ಬಂದಿದೆ ಎಂದರ್ಥ. ಗಡಿಯಾರ ನೋಡುವುದು ಆಮೇಲೆ.

ಜರಡಿ ಹಿಡಿಯುವ ಉಪಾಯ

ದೊಡ್ಡ ಸಾಲಿರುವ ಕಡೆ ಇನ್ನೊಂದು ದಾರಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕಡ್ಡಿಯ ತುದಿಯಲ್ಲಿ ಅರ್ಧ ಮಿಲಿಮೀಟರಿನ ಪುಟ್ಟ ಗುಂಡು, 3.5ರಿಂದ 5.5 ಮಿಲಿಮೀಟರಿನವರೆಗೆ ಕಪ್ಪು ಪಟ್ಟಿ ಇರುತ್ತದೆ. 1982ರಲ್ಲಿ ಪ್ರಕಟವಾದ ಪದ್ಧತಿಯಂತೆ ಬಾಯನ್ನು ಆರು ಭಾಗ ಮಾಡಿ, ದೊಡ್ಡವರಲ್ಲಿ ಗೊತ್ತುಪಡಿಸಿದ ಹತ್ತು ಹಲ್ಲುಗಳನ್ನು ನೋಡಿದರೆ ಸಾಕು. ಪಟ್ಟಿ ಪೂರ್ತಿ ಕಂಡರೆ ಆಳದ ಜೇಬಿಲ್ಲ. ಅರ್ಧ ಮುಳುಗಿದರೆ 4 ಅಥವಾ 5 ಮಿಲಿಮೀಟರ್. ಪೂರ್ತಿ ಮರೆಯಾದರೆ 6 ಅಥವಾ ಅದಕ್ಕೂ ಹೆಚ್ಚು. ಇದು ಜರಡಿಯಿದ್ದಂತೆ. ಜರಡಿಯಲ್ಲಿ ನಿಂತವರಿಗೆ ಪೂರ್ತಿ ಅಳತೆ ಬೇಕು.

ಜರಡಿಯನ್ನು ಯಾರ ಮೇಲೆ ಗಮನವಿಟ್ಟು ಹಿಡಿಯಬೇಕು ಎಂಬುದೂ ಗೊತ್ತಿರಬೇಕು. ಬೀಡಿ ಸೇದುವವರ ವಸಡಿನಲ್ಲಿ ರಕ್ತ ಒಸರುವುದು ಕಡಿಮೆ. ಆದ್ದರಿಂದ ಅವರ ಬಾಯಿ ನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಜೇಬು ಆಳವಾಗಿರುತ್ತದೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಅಗಿಯುವವರನ್ನೂ ಹಾಗೇ ಬಿಡುವಂತಿಲ್ಲ. ವಸಡಿನ ಜೊತೆ ಕೆನ್ನೆಯ ಒಳಭಾಗವನ್ನೂ ನೋಡಲೇಬೇಕು. ಸಕ್ಕರೆ ಕಾಯಿಲೆಯವರಂತೂ ಇನ್ನೂ ಜಾಗ್ರತೆಯಿಂದಿರಬೇಕು. ವಸಡಿನ ರೋಗವನ್ನು ಮಧುಮೇಹದ ಆರನೆಯ ತೊಡಕು ಎಂದು ಹೆರಾಲ್ಡ್ ಲೋ ಎಂಬ ತಜ್ಞರು 1993ರಲ್ಲಿ ಕರೆದರು. ಸಕ್ಕರೆ ಹತೋಟಿ ತಪ್ಪಿದರೆ ವಸಡು ಕೆಡುತ್ತದೆ; ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ಒತ್ತಡವನ್ನು ತಾನೇ ನಿಯಂತ್ರಿಸಿ ಅಂಕಿಗಳನ್ನು ಕಂಪ್ಯೂಟರಿಗೆ ದಾಟಿಸುವ ಯಂತ್ರಗಳೂ ಇವೆ. ಆದರೆ ಹಳ್ಳಿಯ ಜಗುಲಿಗೆ ಉಕ್ಕಿನ ಕಡ್ಡಿ, ಒಳ್ಳೆಯ ಬೆಳಕು, ಬರೆದುಕೊಳ್ಳಲು ಒಬ್ಬ ಜೊತೆಗಾರ ಇದ್ದರೆ ಸಾಕು.

ಅಳೆದದ್ದನ್ನು ಕಾಗದದಲ್ಲೇ ಬಿಟ್ಟರೆ ಪ್ರಯೋಜನವಿಲ್ಲ. ‘ಅವ್ವಾ, ಇಲ್ಲಿ ಮೂರು ಇರಬೇಕಾಗಿತ್ತು, ಆರು ಇದೆ’ ಎಂದು ಕನ್ನಡಿ ಹಿಡಿದು ತೋರಿಸಿದರೆ ಅಕ್ಷರ ಬಾರದವರಿಗೂ ಅರ್ಥವಾಗುತ್ತದೆ. ಪಾಚಿ ತೆಗೆಸಿ, ಬೇರಿನ ಭಾಗ ಶುಚಿ ಮಾಡಿಸಿ, ಎರಡು ಹೊತ್ತು ಹಲ್ಲುಜ್ಜಿದರೆ ಎರಡು ಮೂರು ತಿಂಗಳ ನಂತರ ಎಷ್ಟೋ ಕಡೆ ಆರು ನಾಲ್ಕಕ್ಕೆ ಇಳಿದಿರುತ್ತದೆ. ಕರಗಿದ ಎಲುಬು ಸುಲಭಕ್ಕೆ ಮರಳುವುದಿಲ್ಲ, ಆದರೆ ಉಳಿದದ್ದು ಉಳಿಯುತ್ತದೆ, ಹಲ್ಲೂ ಉಳಿಯುತ್ತದೆ.

ಮುಂದಿನ ಸಲ ದಂತವೈದ್ಯರ ಬಳಿ ಹೋದಾಗ ನೀವೂ ಒಂದು ಮಾತು ಕೇಳಿ: ‘ನನ್ನ ವಸಡಿನ ಅಳತೆ ಎಷ್ಟು?’ ಕಡಲೆ ಸಿಕ್ಕಿದ ದಿನ ಹಲ್ಲೂ ಇರಬೇಕಲ್ಲ!