ಮೊದಲ ವಿಗ್: ತಲೆಗೆ ಒಗ್ಗಲಿ, ಮನಸ್ಸಿಗೂ ಒಗ್ಗಲಿ

ಶಾಲೆಗೆ ಹೊರಡುವ ಹೊತ್ತು. ಯಲಹಂಕದ ಒಂದು ಮನೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿ ಕನ್ನಡಿಯ ಮುಂದಿನಿಂದ ಏಳುತ್ತಲೇ ಇಲ್ಲ ಎಂದಿಟ್ಟುಕೊಳ್ಳೋಣ. ಎರಡು ಜಡೆ ಹೆಣೆಯಬೇಕಾದ ತಲೆಯಲ್ಲಿ ನಾಣ್ಯದಗಲದ ಬೋಳು ಮಚ್ಚೆಗಳು ಕಾಣಿಸಿಕೊಂಡು, ಒಂದಕ್ಕೊಂದು ಕೂಡಿಕೊಂಡಿವೆ. ಅಮ್ಮ ಬೋರ್‌ವೆಲ್ ನೀರನ್ನು ದೂರುತ್ತಾರೆ. ಅಜ್ಜಿ ದೃಷ್ಟಿ ತೆಗೆಯಬೇಕೆನ್ನುತ್ತಾರೆ. ಅಪ್ಪ, ‘ಒಂದು ವಿಗ್ ತಂದರಾಯಿತು ಬಿಡಿ’ ಎನ್ನುತ್ತಾರೆ. ನಿನಗೇನು ಬೇಕಮ್ಮ ಎಂದು ಆ ಹುಡುಗಿಯನ್ನು ಮಾತ್ರ ಯಾರೂ ಕೇಳಿಲ್ಲ.

ನಾಟಕದವರ ಬಾಯಲ್ಲಿ ‘ಟೋಪನ್’ ಆಗಿರುವ ವಿಗ್ ಇಂದಿಗೂ ನಮ್ಮಲ್ಲಿ ನಗೆಯ ವಸ್ತು. ಆದರೆ ಕಾಯಿಲೆಯಿಂದ ಕೂದಲು ಕಳೆದುಕೊಂಡ ಮಗುವಿಗೆ ಅದು ಕನ್ನಡಕದಂತೆ, ನಿತ್ಯದ ಬದುಕಿಗೆ ನೆರವಾಗುವ ಒಂದು ಸಾಧನ.

ಮೊದಲು ಕಾರಣ ತಿಳಿಯಲಿ

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಟೈಫಾಯ್ಡ್, ಡೆಂಗಿಯಂಥ ಜ್ವರ ಬಂದು ಎರಡು ಮೂರು ತಿಂಗಳಾದ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರಬಹುದು. ಅದು ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ಇದಕ್ಕೆ ವಿಗ್ ಬೇಕಿಲ್ಲ, ತಾಳ್ಮೆ ಬೇಕು.

ದುಂಡಗಿನ ನುಣುಪು ಮಚ್ಚೆಗಳು ಬಿದ್ದರೆ ‘ಹುಳ ತಿಂದಿದೆ’ ಎನ್ನುವುದುಂಟು. ಹುಳ ಏನೂ ಇರುವುದಿಲ್ಲ. ಅಲೋಪೇಸಿಯಾ ಏರಿಯೇಟಾ ಎಂಬ ಈ ಸ್ಥಿತಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ಕೂದಲ ಬುಡದ ಮೇಲೆ ದಾಳಿ ಮಾಡುತ್ತದೆ. ಇದು ಅಂಟುರೋಗವಲ್ಲ. ಬುಡ ನಾಶವಾಗದಿರುವುದರಿಂದ ಕೂದಲು ಮತ್ತೆ ಬರುವ ಸಾಧ್ಯತೆ ಉಂಟು. ಬೋರ್‌ವೆಲ್ಲಿನ ಗಡಸು ನೀರು ಕೂದಲನ್ನು ಒರಟಾಗಿಸಬಹುದೇ ಹೊರತು ಇಂಥ ಮಚ್ಚೆಗಳನ್ನು ಉಂಟುಮಾಡುವುದಿಲ್ಲ.

ಆದರೆ ಮಕ್ಕಳ ತಲೆಗೆ ತಗಲುವ ಶಿಲೀಂಧ್ರದ ಸೋಂಕು ಅಂಟುರೋಗ. ಅಲ್ಲಿ ಹೊಟ್ಟು, ತುರಿಕೆ, ತುಂಡಾದ ಕೂದಲು ಕಾಣುತ್ತವೆ. ಅದನ್ನು ವಾಸಿ ಮಾಡದೆ ವಿಗ್ ಹಾಕಿದರೆ ಬೆವರು, ಸೆಕೆಗೆ ಸೋಂಕು ಹೆಚ್ಚುತ್ತದೆ. ಆದ್ದರಿಂದ ಅಂಗಡಿಗೆ ಮೊದಲು ಚರ್ಮವೈದ್ಯರಲ್ಲಿಗೆ ಹೋಗಬೇಕು. ಕ್ಯಾನ್ಸರಿನ ಔಷಧಿಗಳಿಂದ ಕೂದಲು ಹೋಗುವ ಸಂಗತಿ ಬೇರೆ. ವೇಗವಾಗಿ ವಿಭಜಿಸುವ ಕೋಶಗಳ ಮೇಲೆ ಆ ಔಷಧಿಗಳ ಪೆಟ್ಟು. ಕೂದಲ ಬುಡದ ಕೋಶಗಳೂ ಅಂಥವೇ. ಚಿಕಿತ್ಸೆ ಆರಂಭವಾದ ಎರಡು ಮೂರು ವಾರಗಳಲ್ಲಿ ಕೂದಲು ಉದುರತೊಡಗುತ್ತದೆ. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಬಹುತೇಕರಿಗೆ ಮರಳಿ ಬೆಳೆಯುತ್ತದೆ. ಇಂಥವರು ಉದುರುವ ಮೊದಲೇ ಒಂದು ಫೋಟೋ ತೆಗೆಸಿ, ಒಂದು ಕುಚ್ಚು ಕೂದಲು ಕತ್ತರಿಸಿಟ್ಟುಕೊಂಡರೆ ಬಣ್ಣ ಹೊಂದಿಸುವುದು ಸುಲಭ.

ಆ ಕೂದಲು ಎಲ್ಲಿಯದು?

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರ ಕೂದಲ ವ್ಯಾಪಾರಕ್ಕೆ ಹೆಸರಾದ ಊರು. ಮನೆಮನೆಯ ಬಾಚಣಿಗೆಗೆ ಸಿಕ್ಕ ಕೂದಲಿನ ಉಂಡೆಗಳನ್ನು ಬೀದಿ ವ್ಯಾಪಾರಿಗಳು ಕೊಂಡು ತರುತ್ತಾರೆ. ಅಲ್ಲಿನ ಹೆಂಗಸರು ಅವುಗಳ ಸಿಕ್ಕು ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ತಿರುಪತಿಯಲ್ಲಿ ಭಕ್ತರು ಕೊಟ್ಟ ಮುಡಿ ಹರಾಜಿನಲ್ಲಿ ಮಾರಾಟವಾಗುತ್ತದೆ.

ಇವೆರಡರ ನಡುವೆ ಒಂದು ವ್ಯತ್ಯಾಸವಿದೆ. ಕೂದಲ ಮೇಲೆ ಹೆಂಚಿನಂತೆ ಜೋಡಿಸಿದ ಸೂಕ್ಷ್ಮ ಪದರಗಳಿದ್ದು, ಅವು ಬುಡದಿಂದ ತುದಿಯ ಕಡೆಗೆ ಬಾಗಿರುತ್ತವೆ. ಮುಡಿಯ ಕೂದಲನ್ನು ಬುಡ ಒಂದೇ ಕಡೆ ಬರುವಂತೆ ಹಿಡಿಯಬಹುದು. ಉದುರಿದ ಕೂದಲಿನಲ್ಲಿ ಬುಡ ತುದಿಗಳು ಬೆರೆತಿರುತ್ತವೆ. ಪದರಗಳು ಎದುರುಬದುರಾದರೆ ಸಿಕ್ಕು ಬೇಗ ಬೀಳುತ್ತದೆ. ವಿಗ್ ಕೊಳ್ಳುವಾಗ ಈ ಪ್ರಶ್ನೆ ಕೇಳಲು ಸಂಕೋಚ ಬೇಡ.

ಆರಿಸುವ ಬಗೆ

ಕೃತಕ ಎಳೆಯ ವಿಗ್ ಅಗ್ಗ, ಹಗುರ. ತೊಳೆದರೂ ಅದರ ಆಕಾರ ಕೆಡದು. ಆದರೆ ದಿನವೂ ಧರಿಸಿದರೆ ಕೆಲವು ತಿಂಗಳಷ್ಟೇ ಬಾಳುತ್ತದೆ. ಶಾಖ ತಾಗಿದರೆ ಎಳೆ ಮುರುಟಿಕೊಳ್ಳುತ್ತದೆ. ಒಗ್ಗರಣೆ ಹಾಕುವಾಗ, ಕುಕ್ಕರಿನ ಹಬೆ ಬಿಡುವಾಗ ಎಚ್ಚರ ಅಗತ್ಯ. ನಿಜಕೂದಲಿನ ವಿಗ್ ದುಬಾರಿ, ಹೆಚ್ಚು ಬಾಳಿಕೆಯದು, ಆರೈಕೆಯನ್ನೂ ಹೆಚ್ಚು ಬೇಡುತ್ತದೆ. ಬೆಳೆಯುವ ಮಗುವಿಗೆ, ಅಥವಾ ಕೂದಲು ಬೇಗ ಮರಳುವ ನಿರೀಕ್ಷೆಯಿದ್ದರೆ, ಕೃತಕವೇ ಸಾಕು.

ಹಣೆಯ ಮೇಲೆ ಕೂದಲು ಶುರುವಾಗುವಲ್ಲಿಂದ ಕಿವಿಯ ಮೇಲ್ಭಾಗ ಬಳಸಿ, ಕತ್ತಿನ ಹಿಂದಿನಿಂದ ಸುತ್ತಿ ಟೇಪಿನಲ್ಲಿ ಅಳತೆ ತೆಗೆಯಿರಿ. ದೊಡ್ಡವರಿಗೆ ಇದು ಸಾಮಾನ್ಯವಾಗಿ 54ರಿಂದ 57 ಸೆಂಟಿಮೀಟರ್, ಮಕ್ಕಳಿಗೆ ಇನ್ನೂ ಕಡಿಮೆ. ಒಳಗಿನ ಪಟ್ಟಿ ಬಿಗಿ ಮಾಡಲು, ಸಡಿಲಿಸಲು ಬರುವಂತಿರಲಿ. ತೀರಾ ದಟ್ಟವಾದ, ತೀರಾ ಹೊಳೆಯುವ ವಿಗ್ ದೂರದಿಂದಲೇ ಗುಟ್ಟು ಬಿಟ್ಟುಕೊಡುತ್ತದೆ.

ಧಾರಣೆ, ಆರೈಕೆ

ಮೊದಲ ದಿನವೇ ಇಡೀ ದಿನ ಧರಿಸಬೇಕಿಲ್ಲ. ಮನೆಯಲ್ಲಿ ಒಂದು ಗಂಟೆ, ಮರುದಿನ ಎರಡು ಗಂಟೆ, ಆಮೇಲೆ ಆರ್.ಟಿ. ನಗರದ ಅತ್ತೆಯ ಮನೆಗೆ. ಹೀಗೆ ಅಭ್ಯಾಸವಾಗಲಿ. ಒಳಗೆ ತೆಳು ಹತ್ತಿಯ ಟೋಪಿ ಇದ್ದರೆ ಬೆವರು ಹೀರುತ್ತದೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಅಪ್ಪನ ಸ್ಕೂಟರಿನ ಹಿಂದೆ ಕೂತು ಬರುವಾಗ ವಿಗ್ ಇದೆಯೆಂದು ಹೆಲ್ಮೆಟ್ ಬಿಡುವಂತಿಲ್ಲ. ಅಂಥ ದಿನ ಬ್ಯಾಗಿನಲ್ಲಿಟ್ಟು ತಂದು, ಶಾಲೆಯಲ್ಲಿ ಧರಿಸಿದರೂ ಆದೀತು. ಮಲಗುವಾಗ ತೆಗೆದಿಡಬೇಕು.

ವಿಗ್ಗಿಗೆ ಎಣ್ಣೆ ಬೇಡ, ಧೂಳು ಅಂಟುತ್ತದೆ. ವಾರ ಹತ್ತು ದಿನಕ್ಕೊಮ್ಮೆ ತಣ್ಣೀರಿನಲ್ಲಿ ಸ್ವಲ್ಪ ಶಾಂಪೂ ಬೆರೆಸಿ ಅದ್ದಿ ತೆಗೆಯಿರಿ. ಉಜ್ಜಬೇಡಿ, ಹಿಂಡಬೇಡಿ. ಗಡಸು ನೀರಿನ ಬಡಾವಣೆಯವರು ಕೊನೆಯ ನೀರಿಗೆ ಕಾವೇರಿ ನೀರನ್ನೋ ಮಳೆನೀರನ್ನೋ ಬಳಸಿದರೆ ಬಿಳಿ ಲವಣ ಕೂರುವುದಿಲ್ಲ. ಟವೆಲಿನಲ್ಲಿ ಒತ್ತಿ, ನೆರಳಲ್ಲಿ ಆರಿಸಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಿ. ಕೃತಕ ವಿಗ್ಗನ್ನು ಒದ್ದೆಯಿದ್ದಾಗ ಬಾಚಲೇಬಾರದು.

ಹುಡುಗಿಯ ಮಾತು

ತರಗತಿಯ ಅಧ್ಯಾಪಕರಿಗೆ ಮೊದಲೇ ವಿಷಯ ತಿಳಿಸಿದರೆ ಅರ್ಧ ಭಯ ಹೋಗುತ್ತದೆ. ಹಾಲ್ ಟಿಕೆಟ್ಟಿನ ಫೋಟೋ ಪರೀಕ್ಷೆಗೆ ಹೋಗುವ ರೂಪದಲ್ಲೇ ಇರಲಿ. ವೈದ್ಯರ ಪತ್ರವೊಂದು ಜೊತೆಗಿರಲಿ. ಗೆಳತಿಯರಿಗೆ ಹೇಳುವುದೋ ಬಿಡುವುದೋ ಅವಳ ಇಷ್ಟ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮದುವೆ ಮನೆಯಲ್ಲಿ ನೆಂಟರು ಏನೆಂದಾರು ಎಂಬ ಹಿರಿಯರ ಅಂಜಿಕೆಗೆ ಮಗುವಿನ ತಲೆಯ ಮೇಲೆ ವಿಗ್ ಹೊರಿಸಬಾರದು. ಅವಳು ಬೇಕೆಂದರೆ ಒಳ್ಳೆಯದನ್ನೇ ಕೊಡಿಸಿ. ಸ್ಕಾರ್ಫ್ ಸಾಕೆಂದರೆ ಸ್ಕಾರ್ಫ್. ಏನೂ ಬೇಡ, ಹೀಗೇ ಹೋಗುತ್ತೇನೆಂದರೆ ಬಸ್ ನಿಲ್ದಾಣದವರೆಗೆ ಜೊತೆಗೆ ನಡೆಯಿರಿ.