ಅಡಿಕೆಗೆ ಎಲೆಯ ಹೆಸರು!

ಪುತ್ತೂರು, ಸುಳ್ಯ, ಕಡಬದ ಮಕ್ಕಳು ಇಂಗ್ಲಿಷಿನಲ್ಲಿ ‘ನನ್ನ ಅಜ್ಜ’ ಎಂದು ಪ್ರಬಂಧ ಬರೆಯುವಾಗ ಅಡಿಕೆ ತೋಟದ ಮಾತು ಬಂದೇ ಬರುತ್ತದೆ. ಆಗ ಅಡಿಕೆಗೆ ಏನೆಂದು ಬರೆಯುತ್ತೀರಿ ಮಕ್ಕಳೇ? ‘ಅರೆಕಾನಟ್’ ಎಂದೋ, ‘ಬೀಟಲ್ ನಟ್’ ಎಂದೋ? ನಿಘಂಟಿನಲ್ಲಿ ಎರಡೂ ಇವೆ. ಆದರೆ ‘ನಟ್’ ಬಿಟ್ಟು ಬರೇ ‘ಬೀಟಲ್’ ಎಂದು ಬರೆದಿರೋ, ಅಜ್ಜನ ತೋಟದಲ್ಲಿ ಬೆಳೆದದ್ದು ವೀಳ್ಯದೆಲೆ ಎಂದಾಗುತ್ತದೆ!

ಅರೆಕಾ ಎಂದರೆ ಅಡಿಕೆ, ಬೀಟಲ್ ಎಂದರೆ ವೀಳ್ಯದೆಲೆ. ನಮ್ಮ ತುಳುವಿನಲ್ಲಿ ಈ ಗೊಂದಲವೇ ಇಲ್ಲ. ಬಜ್ಜೆಯಿ ಬೇರೆ, ಬಚ್ಚಿರೆ ಬೇರೆ. ಅಡಿಕೆ ಮರ ತೆಂಗಿನ ಕುಟುಂಬದ್ದು. ವೀಳ್ಯದ ಬಳ್ಳಿ ಕಾಳುಮೆಣಸಿನ ನೆಂಟ. ಬಳ್ಳಿ ಅಡಿಕೆ ಮರವನ್ನು ಅಪ್ಪಿ ಏರಿದರೂ ಎರಡಕ್ಕೂ ರಕ್ತಸಂಬಂಧವಿಲ್ಲ.

ಎರಡು ಪದಗಳೂ ನಮ್ಮ ನೆರೆಯಿಂದಲೇ ಹೋದವು. ಮಲಯಾಳದ ‘ಅಡಕ್ಕ’ ಪೋರ್ಚುಗೀಸರ ಬಾಯಲ್ಲಿ ಅರೆಕಾ ಆಯಿತು, ‘ವೆಟ್ಟಿಲ’ ಬೀಟಲ್ ಆಯಿತು. ಅಲ್ಲಿಂದ ಇಂಗ್ಲಿಷಿಗೆ ಬಂದವು. ಎಲೆಯೊಳಗೆ ಸುಣ್ಣದ ಜೊತೆ ಅಡಿಕೆಯನ್ನಿಟ್ಟು ತಿನ್ನುವುದು ವಾಡಿಕೆಯಲ್ಲವೇ? ಹಾಗಾಗಿ ಎಲೆಯ ಹೆಸರು ಅಡಿಕೆಗೂ ಅಂಟಿಕೊಂಡಿತು. ಬೆಳೆಗಾರರು ಮಾತ್ರ ಸರಿಯಾದ ಪದವನ್ನೇ ಹಿಡಿದರು. 1973ರಲ್ಲಿ ಹುಟ್ಟಿದ, ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ನಡೆಸುವ ಕ್ಯಾಂಪ್ಕೋದ ಪೂರ್ಣ ಹೆಸರಿನಲ್ಲಿರುವುದು ‘ಅರೆಕಾನಟ್’.

ಪದ ಯಾವುದಾದರೇನು ಎನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ, ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯನ್ನೂ ಕ್ಯಾನ್ಸರ್‌ಕಾರಕಗಳೆಂದು ಹೆಸರಿಸಿದೆ. ಅಡಿಕೆಯಿಂದ ಬದುಕು ಕಟ್ಟಿಕೊಂಡ ನಮ್ಮೂರಿಗೆ ಇದು ಕಹಿ ಮಾತೇ. ಆದರೂ ದೂರದೂರಿನ ವೈದ್ಯರು ಅಜ್ಜಿಯ ಬಾಯಿ ನೋಡಿ ‘ಏನು ಜಗಿಯುತ್ತಾರೆ?’ ಎಂದು ಕೇಳಿದಾಗ ಮೊಮ್ಮಗ ‘ಬೀಟಲ್’ ಎಂದಷ್ಟೇ ಹೇಳಿದರೆ ಅವರು ಬರೇ ಎಲೆ ಎಂದುಕೊಂಡಾರು. ‘ಬೀಟಲ್ ಲೀಫ್, ಅರೆಕಾನಟ್, ಲೈಮ್’ ಎಂದು ಬಿಡಿಸಿ ಹೇಳಬೇಕು. ಹೊಗೆಸೊಪ್ಪು ಇದ್ದರೆ ಅದನ್ನೂ ಮುಚ್ಚಿಡಬಾರದು.

ಅಜ್ಜ-ಅಜ್ಜಿಯರೇ, ಇಂದು ಸಂಜೆ ಎಲೆಯಡಿಕೆಯ ಹರಿವಾಣವನ್ನು ಮಕ್ಕಳ ಮುಂದಿಡಿ. ತಿನ್ನುವುದಕ್ಕಲ್ಲ, ಒಂದೊಂದರ ಹೆಸರು ಹೇಳಿಸುವುದಕ್ಕೆ. ಅವರು ಇಂಗ್ಲಿಷ್ ಹೇಳಲಿ, ನೀವು ತುಳುವಿನಲ್ಲೋ ಅರೆಭಾಷೆಯಲ್ಲೋ ಹೇಳಿಕೊಡಿ.