ಕಡಲು ದಾಟಿ ಬಂದ ಮೂಲಪುರುಷ

ಮನೆತನದ ಮೂಲವನ್ನು ದೂರದ ದೇಶಕ್ಕೂ ದೊಡ್ಡ ಕುಲಕ್ಕೂ ಜೋಡಿಸಿ ಹೇಳುವ ರೂಢಿ ಎಲ್ಲ ಕಾಲದಲ್ಲಿಯೂ ಉಂಟು. ಇಂಥ ಕಥೆಗಳನ್ನು ಒರೆಗೆ ಹಚ್ಚುವ ಬಗೆ ಯಾವುದು? ನಮ್ಮ ರಾಯಚೂರು ಸೀಮೆಯನ್ನಾಳಿದ ಬಿಜಾಪುರದ ಆದಿಲ್‌ಶಾಹಿ ಮನೆತನವೇ ಇದಕ್ಕೆ ಒಳ್ಳೆಯ ನಿದರ್ಶನ.

ಆ ವಂಶದ ಸ್ಥಾಪಕ ಯೂಸುಫನ ಕಥೆಯನ್ನು ಫೆರಿಸ್ತಾ ಹೀಗೆ ಹೇಳುತ್ತಾನೆ. 1451ರಲ್ಲಿ ತುರ್ಕಿಯ ಸುಲ್ತಾನ ಎರಡನೆಯ ಮುರಾದನು ತೀರಿಕೊಂಡನು. ಪಟ್ಟವೇರಿದ ಮಗ ಮಹಮ್ಮದನು ತನ್ನ ತಮ್ಮನನ್ನು ಕೊಲ್ಲಲು ಆಜ್ಞಾಪಿಸಿದನು. ತಾಯಿಯು ಗುಲಾಮ ಹುಡುಗನೊಬ್ಬನನ್ನು ಬದಲಿಗಿರಿಸಿ, ತನ್ನ ಕಂದನನ್ನು ವರ್ತಕನೊಬ್ಬನಿಗೆ ಒಪ್ಪಿಸಿದಳು. ಆ ಹುಡುಗ ಪರ್ಷಿಯಾದ ಸಾವಾ ಪಟ್ಟಣದಲ್ಲಿ ಬೆಳೆದು, ಹಡಗನ್ನೇರಿ ಕೊಂಕಣದ ದಾಭೋಳದಲ್ಲಿಳಿದು, ಬೀದರಿನ ಬಹಮನಿ ಆಸ್ಥಾನವನ್ನು ಸೇರಿದನು. 1490ರಲ್ಲಿ ಬಿಜಾಪುರದಲ್ಲಿ ಸ್ವತಂತ್ರನಾದ ಯೂಸುಫನು ಅವನೇ.

ಈಗ ಪರೀಕ್ಷೆಗೆ ತೊಡಗೋಣ. ಮೊದಲನೆಯದಾಗಿ, ಹೇಳಿದವರು ಯಾರು, ಯಾವಾಗ? ಯೂಸುಫನು 1510ರಲ್ಲಿ ಮಡಿದನು. ಫೆರಿಸ್ತಾ ಬರೆದದ್ದು ಹದಿನೇಳನೆಯ ಶತಮಾನದ ಆದಿಯಲ್ಲಿ, ಅದೇ ವಂಶದ ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ. ಎರಡನೆಯದಾಗಿ, ಎದುರು ಕಡೆಯ ದಾಖಲೆ ಏನನ್ನುತ್ತದೆ? ತುರ್ಕಿಯ ಇತಿಹಾಸದಲ್ಲಿ ಅಹಮದನೆಂಬ ಹಸುಗೂಸಿನ ಕೊಲೆಯ ಮಾತುಂಟು. ಪಾರಾದ ರಾಜಕುಮಾರನ ಸುದ್ದಿಯಿಲ್ಲ. ಮೂರನೆಯದಾಗಿ, ಬಿಜಾಪುರದಲ್ಲಿಯೇ ಇದ್ದ ರಫಿಉದ್ದೀನ್ ಶಿರಾಜಿಯು ಯೂಸುಫನನ್ನು ಸಾವಾದ ತುರ್ಕ್‌ಮಾನ್ ಮನೆತನದವನೆನ್ನುತ್ತಾನೆ. ಹೀಗೆ ರಾಜಪುತ್ರನ ಕಥೆಗೆ ಆಧಾರ ಸಾಲದು.

ಆದರೆ ಕಥೆಯೆಲ್ಲವೂ ಬಿದ್ದುಹೋಗುವುದಿಲ್ಲ. ಶತ್ರುಗಳಾದ ಪೋರ್ಚುಗೀಸರು ಅವನನ್ನು 'ಸಬಾಯೊ' ಎಂದು ಕರೆದರು. ಇದು 'ಸಾವಾದವನು' ಎಂಬುದರ ರೂಪವೆಂದು ಅನೇಕ ವಿದ್ವಾಂಸರ ಮತ. ಶತ್ರುವಿಗೆ ಹೊಗಳುವ ಹಂಗಿಲ್ಲ. ಕಡಲ ದಾರಿಯೂ ನಂಬತಕ್ಕದ್ದೇ. ಮಹಮೂದ್ ಗವಾನನೂ 1453ರಲ್ಲಿ ದಾಭೋಳದಲ್ಲಿಯೇ ಇಳಿದವನು. ದಖ್ಖನಿನ ಯುದ್ಧಗಳಿಗೆ ಬೇಕಾದ ಕುದುರೆಗಳೂ ಪಶ್ಚಿಮದ ಬಂದರುಗಳಿಂದಲೇ ಬರುತ್ತಿದ್ದವು. 1520ರಲ್ಲಿ ಯೂಸುಫನ ಮಗ ಇಸ್ಮಾಯಿಲನು ಕೃಷ್ಣದೇವರಾಯನಿಗೆ ಸೋತದ್ದು ನಮ್ಮ ರಾಯಚೂರಿನ ಯುದ್ಧದಲ್ಲಿ.

ಅರಸರಿಗಾದರೆ ಬರೆಯುವವರಿದ್ದರು. ನಮ್ಮಂಥವರಿಗೆ? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ಮೂಲಪುರುಷನು ಕುದುರೆಗಳೊಡನೆ ಕಡಲ ಕಡೆಯಿಂದ ಬಂದವನೆಂದು ದೇವದುರ್ಗದ ನಮ್ಮ ಅಜ್ಜಿ ಹೇಳುವುದುಂಟು. 1948ರವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಮಾನ್ವಿಯ ನಮ್ಮ ಹೊಲದ ಹಳೆಯ ಕಾಗದಗಳು ಉರ್ದುವಿನಲ್ಲಿವೆ. ಬಲ್ಲ ಹಿರಿಯರಿಂದ ಓದಿಸಿದಾಗ ಮುತ್ತಜ್ಜನ ಹೆಸರು ಸಿಕ್ಕಿತು. ಕುದುರೆಯೂ ಸಿಕ್ಕಲಿಲ್ಲ, ಕಡಲೂ ಸಿಕ್ಕಲಿಲ್ಲ. ಅಜ್ಜಿಯ ಮಾತು ಸುಳ್ಳೆನ್ನಲು ಇಷ್ಟು ಸಾಲದು, ನಿಜವೆನ್ನಲೂ ಸಾಲದು.

ಆದ್ದರಿಂದ ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೆ. ಹಿರಿಯರು ಹೇಳುವುದನ್ನು ಅವರು ಹೇಳಿದಂತೆಯೇ ಬರೆದಿಡಿರಿ. ಹೇಳಿದವರ ಹೆಸರನ್ನೂ ದಿನವನ್ನೂ ಜೊತೆಗೆ ಬರೆಯಿರಿ. ಒರೆಗೆ ಹಚ್ಚುವುದು ಆಮೇಲಿನ ಕೆಲಸ. ಕಾಗದ ಕಾಯಬಹುದು, ಅಜ್ಜಿಯರು ಕಾಯಲಾರರು.